ಶೇಕಡಾ ತೊಂಬತ್ತೊಂದು

ನವೆಂಬರ್ ೩, ೨೦೦೯, ಮಂಗಳವಾರ

ಡಯಾಲಿಸಿಸ್ ನಿಲ್ಲಿಸಿದರೆ ಎಷ್ಟು ದಿನ ಬದುಕಬಹುದು ಎಂದು ಇವತ್ತು ಪುಟ್ಟಲಕ್ಷ್ಮಿಯವರನ್ನು ಕೇಳಿದೆ. ಡಯಾಲಿಸಿಸ್ ಕೇಂದ್ರದ ನರ್ಸ್ ಆಕೆ, ಹನ್ನೊಂದು ವರ್ಷದಿಂದ ಇದೇ ಕೆಲಸ. ಎರಡನೆಯ ಸೂಜಿ ಚುಚ್ಚುತ್ತ, ಯಾರಿಗೆ ಸಾರ್, ಎಂದರು. ಯಾರಿಗೂ ಅಲ್ಲ, ಗಣಿತದ ಮೇಷ್ಟರ ಕುತೂಹಲ ಎಂದೆ. ಹತ್ತು ದಿನ, ಹದಿನೈದು ದಿನ, ಒಬ್ಬೊಬ್ಬರದು ಒಂದೊಂದು ಥರ ಎಂದು ಹೇಳಿ ಟೇಪು ಅಂಟಿಸಿದರು. ಮುಖ ನೋಡಲಿಲ್ಲ. ಅಭ್ಯಾಸವಿರಬೇಕು.

ಅಕ್ಕ ನೀಲಮ್ಮನ ಕಿಡ್ನಿ ನನಗೆ ಹೊಂದುವುದಿಲ್ಲ ಎಂಬ ವರದಿ ಬಂದು ವಾರವಾಯಿತು. ಬೇರೆ ಯಾರೂ ಇಲ್ಲ. ಇರುವುದು ಮಂಗಳವಾರ, ಗುರುವಾರ, ಶನಿವಾರ; ಹನ್ನೊಂದರಿಂದ ಮೂರು. ಎಡಗೈಯಿಂದ ರಕ್ತ ಹೊರಗೆ ಹೋಗಿ ಯಂತ್ರ ಸುತ್ತಿ ಎಡಗೈಗೇ ವಾಪಸು ಬರುತ್ತದೆ. ಅಷ್ಟು ಹೊತ್ತು ಆ ಕೈ ನನ್ನದಲ್ಲ. ಉಳಿದ ಒಂದೇ ಕೈಯಲ್ಲಿ ದಪ್ಪ ಕಾದಂಬರಿ ಹಿಡಿದು ಪುಟ ಮಗುಚಲಾಗುವುದಿಲ್ಲ, ಎದೆಯ ಮೇಲೆ ಬೀಳುತ್ತದೆ. ಹತ್ತು ತಿಂಗಳಿಂದ ಏನೂ ಓದಿಲ್ಲ.

ಭಾನುವಾರ ಅಕ್ಕನ ಮಗಳು ಅನಘಾ ರಾಜರಾಜೇಶ್ವರಿನಗರದಿಂದ ಬಂದು ಒಂದು ಇ-ಬುಕ್ ರೀಡರ್ ಕೊಟ್ಟಳು. ಹೊರದೇಶದಿಂದ ತರಿಸಿದ್ದಂತೆ. ಬೂದು ಬಣ್ಣದ ಪರದೆ, ಬೆಳಕಿಲ್ಲ, ಹೆಬ್ಬೆರಳಿನಲ್ಲಿ ಗುಂಡಿ ಒತ್ತಿದರೆ ಪುಟ ತಿರುಗುತ್ತದೆ. ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ತುಂಬಿಸಿ ಕೊಟ್ಟಿದ್ದಾಳೆ. "ಸತ್ತು ನೂರು ವರ್ಷ ಆದವ್ರದ್ದೆಲ್ಲ ಫ್ರೀ, ಮಾವ" ಎಂದಳು.

ಮೊದಲನೆಯದನ್ನು ಇವತ್ತು ಶುರು ಮಾಡಿದೆ. ಮೂರು ಸಂಪುಟಗಳ ಕಾದಂಬರಿ. ನದಿ ಕಡಲು ಸೇರುವಲ್ಲಿ ದೋಣಿ ದಾಟಿಸಿ ಬದುಕುವ ಒಬ್ಬ ಹೆಂಗಸಿನದು.

ಇದೊಂದನ್ನು ಮುಗಿಸುತ್ತೇನೆ. ಆಮೇಲೆ ಅಲ್ಲಿಗೆ ಹೋಗುವುದಿಲ್ಲ. ಯಾರಿಗೂ ಹೇಳಬೇಕಾಗಿಲ್ಲ. ಬರೆದಿಟ್ಟ ಮೇಲೆ ಮೈ ಹಗುರವಾಗಿದೆ.

ನವೆಂಬರ್ ೭, ಶನಿವಾರ

ಶೇಕಡಾ ಒಂಬತ್ತು.

ಈ ಯಂತ್ರದಲ್ಲಿ ಪುಟಸಂಖ್ಯೆ ಇಲ್ಲ. ಎಷ್ಟು ಓದಿಯಾಯಿತು ಎಂದು ಕೆಳಗೆ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಪುಸ್ತಕವಾದರೆ ಉಳಿದದ್ದು ಬಲಗೈಯ ಬೆರಳುಗಳಿಗೆ ಗೊತ್ತಾಗುತ್ತಿತ್ತು. ಇಲ್ಲಿ ಅಂಕಿಯನ್ನು ನಂಬಬೇಕು. ನನಗೆ ಅದೇ ಅನುಕೂಲ.

ನಾಲ್ಕು ಗಂಟೆ ಯಾರ ಮುಖವನ್ನೂ ನೋಡಲಿಲ್ಲ. ಓದು ಎಂದರೆ ಇದೇ ಆಗಿತ್ತು ಎಂಬುದು ಮರೆತೇ ಹೋಗಿತ್ತು. ಸಂಜೆ ಮನೆಯಲ್ಲಿ ಒಂದು ಮಂಜುಗಡ್ಡೆ ಬಾಯಲ್ಲಿಟ್ಟುಕೊಂಡೆ. ಕಿಡ್ನಿ ಕೆಟ್ಟವರಿಗೆ ದಿನಕ್ಕೆ ಇಷ್ಟೇ ನೀರು ಎಂದಿದೆ; ಇವತ್ತಿನ ಪಾಲು ಮುಗಿಯಿತು.

ನವೆಂಬರ್ ೧೦, ಮಂಗಳವಾರ

ಪಕ್ಕದ ಮಂಚದ ಹೆಂಗಸು ಮಾತಾಡಿಸಿಯೇಬಿಟ್ಟರು. ಹೊನ್ನವ್ವ ಎಂದು ಹೆಸರು, ಅರವತ್ತರ ಆಸುಪಾಸು. ಗದಗಿನ ಕಡೆಯವರು. ಹೆಗ್ಗನಹಳ್ಳಿಯಲ್ಲಿ ಮಗಳು ಕಲಾವತಿಯ ಜೊತೆ ಇದ್ದಾರೆ. ಮಗಳಿಗೆ ಪೀಣ್ಯದ ಗಾರ್ಮೆಂಟಿನಲ್ಲಿ ಕೆಲಸ. ತಾಯಿಯನ್ನು ಬಸ್ಸಿನಲ್ಲಿ ತಂದು ಬಿಟ್ಟು ಹೋಗುತ್ತಾಳೆ, ಮೂರಕ್ಕೆ ಬರುತ್ತಾಳೆ. ಇಷ್ಟನ್ನೂ ನಾನು ಕೇಳಿರಲಿಲ್ಲ.

"ಅದೇನ್ರಿ ಸರ, ಪಾಟಿ ಇದ್ದಂಗ ಐತಿ?" ಶಾಲೆಯ ಸ್ಲೇಟಿಗೆ ಅವರ ಕಡೆ ಪಾಟಿ ಎನ್ನುತ್ತಾರೆ.

ಕಾದಂಬರಿ ಎಂದೆ. ಅದರಲ್ಲಿ ಕನ್ನಡ ಬರುತ್ತದೆಯೇ ಎಂದರು. ಬರುವುದಿಲ್ಲ. ಅನಘಾ ಪ್ರಯತ್ನಪಟ್ಟಳು, ಅಕ್ಷರಕ್ಕೊಂದರಂತೆ ಖಾಲಿ ಚೌಕಗಳು ಮೂಡಿದವು. ಹಾಗಾದರೆ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿ ಎಂದರು, ಉಪ್ಪು ಆ ಕಡೆಯಿಂದ ಈ ಕಡೆ ಕೊಡಿ ಎಂಬಂತೆ. ಕಣ್ಣು ಮುಚ್ಚಿಕೊಂಡೆ. ಹತ್ತು ನಿಮಿಷ ಗುಂಡಿ ಒತ್ತದಿದ್ದರೆ ರೀಡರ್ ತಾನೇ ಮಲಗುತ್ತದೆ. ಆಗ ಪರದೆಯ ಮೇಲೆ ಯಾರೋ ಗಡ್ಡದ ಮುದುಕನ ಚಿತ್ರ ಬರುತ್ತದೆ. ಸತ್ತ ಲೇಖಕನಿರಬೇಕು. ಹೊನ್ನವ್ವ ಅದನ್ನು ಕಂಡು, ಅಜ್ಜ ಬಂದ, ಇನ್ನ ನಿಮ್ಮ ಓದು ಮುಗೀತು, ಹೇಳ್ರಿ ಎಂದರು. ಪುಟ್ಟಲಕ್ಷ್ಮಿ ನಕ್ಕರು.

ಐದು ಮಾತಿನಲ್ಲಿ ಮುಗಿಸೋಣವೆಂದು ಹೇಳಲು ತೊಡಗಿದೆ. ದೋಣಿ ನಡೆಸುವ ಹೆಂಗಸು. ಅವಳ ತಮ್ಮನನ್ನು ಮಾಡದ ಕಳ್ಳತನಕ್ಕೆ ಹಡಗು ಹತ್ತಿಸಿ ಸಮುದ್ರದಾಚೆಗೆ ಕಳಿಸಿದ್ದಾರೆ. ತಮ್ಮ ಬಂದೇ ಬರುತ್ತಾನೆ ಎಂದು ಅವಳು ಕಾಯುತ್ತಾಳೆ. ಕದ್ದವನು ಊರ ಜಮೀನ್ದಾರನ ಮಗ. ಅದು ಅವಳೊಬ್ಬಳಿಗೇ ಗೊತ್ತು.

ಅವಳ ಹೆಸರು ಬಾಯಲ್ಲಿ ಹಿಡಿಯುವುದಿಲ್ಲವಂತೆ. "ಗಂಗವ್ವ ಅನ್ರಿ. ಹೊಳಿ ದಂಡ್ಯಾಗ ಅದಾಳಲ್ಲ."

ನವೆಂಬರ್ ೧೯, ಗುರುವಾರ

ಶೇಕಡಾ ಮೂವತ್ತು. ಎರಡು ಗಂಟೆ ಓದುವುದು, ಎರಡು ಗಂಟೆ ಅದೇ ಪುಟಗಳನ್ನು ಮತ್ತೆ ತಿರುಗಿಸುತ್ತ ಹೇಳುವುದು ಎಂದಾಗಿದೆ. ನಾನು ಒಪ್ಪಿದ್ದು ಯಾವಾಗ ಎಂದು ನೆನಪಿಲ್ಲ.

ಜಮೀನ್ದಾರ ಗೌಡನಾಗಿದ್ದಾನೆ. ಪಾದ್ರಿ ಅಯ್ನೋರಾಗಿದ್ದಾರೆ. ಹತ್ತು ಪುಟದ ಮಂಜಿನ ವರ್ಣನೆಯನ್ನು ಒಂದು ವಾಕ್ಯಕ್ಕೆ ಇಳಿಸಿದರೆ ಹೊನ್ನವ್ವ ಬಿಡುವುದಿಲ್ಲ. ಮಂಜು ಅಂದರೆ ಎಷ್ಟು, ದೋಣಿಯ ಮೂತಿ ಕಾಣುತ್ತಿತ್ತೋ ಇಲ್ಲವೋ ಎಂದು ಕೇಳುತ್ತಾರೆ. ಹಿಂದಕ್ಕೆ ಹೋಗಿ ನೋಡಿ ಹೇಳಬೇಕು. ಕಾಣುತ್ತಿರಲಿಲ್ಲ.

ಕಿಟಕಿಯಾಚೆ ಮೆಟ್ರೋ ಕಂಬಕ್ಕೆ ಕಬ್ಬಿಣ ಕಟ್ಟುತ್ತಿದ್ದಾರೆ. ಆ ಸದ್ದಿನ ಮೇಲೆ ದನಿ ಏರಿಸಿ ಹೇಳಿದ್ದರಿಂದ ಗಂಟಲು ಒಣಗಿದೆ. ನೀರಿನ ಲೆಕ್ಕ ಅರ್ಧ ಲೋಟ ತಪ್ಪಿತು.

ನವೆಂಬರ್ ೨೪, ಮಂಗಳವಾರ

ಕೆಟ್ಟ ದಿನ. ಮೂರನೆಯ ಗಂಟೆಯಲ್ಲಿ ಬಿಪಿ ಇಳಿದು ಕಣ್ಣು ಕತ್ತಲಿಟ್ಟಿತು. ಕಾಲು ಎತ್ತಿ ಹಿಡಿದರು. ಮನೆಗೆ ಬಂದು ಮಲಗಿದವನು ಏಳಲಿಲ್ಲ.

ಏನೂ ಓದಿಲ್ಲ. ಏನೂ ಬೇಡ.

ನವೆಂಬರ್ ೨೬, ಗುರುವಾರ

ಶೇಕಡಾ ನಲವತ್ತಮೂರು.

ಇವತ್ತು ಹೊನ್ನವ್ವನ ಸರದಿ. ಕಾಲಿನ ಸ್ನಾಯು ಹಿಡಿದುಕೊಂಡು, ಹಲ್ಲು ಕಚ್ಚಿ, ಸದ್ದಿಲ್ಲದೆ ಅತ್ತರು. ಸರಿಹೋದ ಮೇಲೆ, ಸೀಲಿಂಗು ನೋಡುತ್ತಲೇ ಒಂದು ಮಾತು ಹೇಳಿದರು. ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

"ನಿಮ್ಮ ಪುರಾಣ ಮಂಗಲ ಆಗೂತನಕ ಬರ್ತೀನ್ರಿ ಸರ. ಹಚ್ಚಿದ ಪುರಾಣ ನಡುವ ಬಿಟ್ಟು ಏಳಬಾರದು. ಮಂಗಲ ಆತಂದ್ರ ಎದ್ದು ಹೋಗಾಕ ಅಡ್ಡಿ ಇಲ್ಲ. ಆವತ್ತ ಮನಿಗೆ ಹೋಗಿ ಒಂದು ತಂಬಿಗಿ ನೀರು ಗಟಗಟ ಕುಡಿತೀನಿ. ಆಮ್ಯಾಲ ಈ ಕಡಿ ಬರೂದಿಲ್ಲ."

ಇದು ಪುರಾಣವಲ್ಲ, ಕಾದಂಬರಿ ಎಂದೆ. ಅದೇನು ವ್ಯತ್ಯಾಸ ಎಂಬಂತೆ ನೋಡಿದರು. ಅವರ ಊರಿನ ಮಠದಲ್ಲಿ ಶ್ರಾವಣವೆಲ್ಲ ಪುರಾಣ ನಡೆಯುತ್ತಿತ್ತಂತೆ. ಮೊದಲ ದಿನ ಕೂತವರು ಮಂಗಲದ ಕೊನೆಯ ದಿನ ತೆಂಗಿನಕಾಯಿ ಒಡೆದು, ಪುರಾಣ ಹೇಳಿದವರಿಗೆ ಬಟ್ಟೆಯ ಆಯೇರಿ, ಅಂದರೆ ಉಡುಗೊರೆ, ಮಾಡುವವರೆಗೆ ಒಂದು ದಿನವೂ ತಪ್ಪಿಸುವಂತಿಲ್ಲ. ಒಂದು ವರ್ಷ ಜ್ವರದಲ್ಲಿ ಕೌದಿ ಹೊದ್ದುಕೊಂಡು ಹೋಗಿ ಕೂತಿದ್ದರಂತೆ.

ಮಗಳಿಗೆ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲ. ಮಗಳು ತನ್ನ ಕಿಡ್ನಿ ಕೊಡುತ್ತೇನೆ ಎಂದಾಗ ಬೈದು ಬಾಯಿ ಮುಚ್ಚಿಸಿದ್ದಾರೆ.

ಅನಂತರ, ನನ್ನ ಕಡೆ ತಿರುಗಿ: "ನೀವ ಸಿಸ್ಟರನ್ನ ಕೇಳಿದ್ರಲ್ಲ, ಹತ್ತು ದಿನ, ಹದಿನೈದು ದಿನ ಅಂತ. ನಾನೂ ಕೇಳಿಸ್ಕೊಂಡೆ. ಅಷ್ಟ ಅಂದ್ರ ದೊಡ್ಡದೇನಲ್ಲ."

ಅವತ್ತು ಆಕೆ ನಿದ್ದೆ ಮಾಡುತ್ತಿದ್ದಾರೆಂದು ತಿಳಿದಿದ್ದೆ.

ನವೆಂಬರ್ ೨೮, ಶನಿವಾರ

ಶೇಕಡಾ ನಲವತ್ತೈದು. ನಿಧಾನಕ್ಕೆ ಓದಿದೆ.

ಪುಟ್ಟಲಕ್ಷ್ಮಿಯವರಿಗೆ ಹೇಳಿದೆ. ಅವರು ಹೊನ್ನವ್ವನ ಪಕ್ಕದಲ್ಲಿ ಅರ್ಧ ಗಂಟೆ ಕೂತು ಮಾತಾಡಿದರು. ಡಾಕ್ಟರೂ ಬಂದರು. ಆಕೆ ಎಲ್ಲದಕ್ಕೂ ತಲೆಯಾಡಿಸಿ, ಹೂಂ ಬರ್ತೀನ್ರಿ, ಪುರಾಣ ಮುಗಿಯೋತನಕ ಬರ್ತೀನಿ ಎಂದರು. ಪುಟ್ಟಲಕ್ಷ್ಮಿ ನನ್ನ ಮಂಚದ ಹತ್ತಿರ ಬಂದು, ದನಿ ತಗ್ಗಿಸಿ, "ಸಾರ್, ನಿಮ್ ಬುಕ್ ಎಷ್ಟುದ್ದ ಇದೆ?" ಎಂದರು.

ಡಿಸೆಂಬರ್ ೩, ಗುರುವಾರ

ಶೇಕಡಾ ಐವತ್ತೆಂಟು. ಕಥೆ ಓಡುತ್ತಿದೆ, ತಡೆಯಲಾಗುತ್ತಿಲ್ಲ. ಮಂಜಿನ ಪುಟಗಳನ್ನು ಈಗ ಪೂರ್ತಿ ಹೇಳುತ್ತೇನೆ. ಹಾದಿಯಲ್ಲಿ ಸಿಕ್ಕ ಪ್ರತಿ ಮನೆಯನ್ನೂ, ಮನೆಯ ಮುಂದಿನ ಪ್ರತಿ ಕೋಳಿಯನ್ನೂ ಬಿಡದೆ ಹೇಳುತ್ತೇನೆ. ಕೋಳಿ ಸಾಕ್ರಿ, ಗೌಡನ ಮಗ ಏನಂದ, ಅದನ್ನ ಹೇಳ್ರಿ ಎಂದು ಹೊನ್ನವ್ವ ಗದರಿದರು.

ಕಲಾವತಿಯನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಬೇಕೆಂದಿದ್ದೆ. ಮೂವತ್ತರ ಹೆಂಗಸು, ಬೆರಳ ತುದಿಗೆಲ್ಲ ಸೂಜಿಯ ಕಲೆ. "ಅವ್ವ ಈಗ ಮನ್ಯಾಗ ನಗಾಡ್ತಾಳ್ರಿ ಸರ, ಗಂಗವ್ವನ ಸುದ್ದಿ ನಮಗೂ ಹೇಳ್ತಾಳ" ಎಂದಳು. ಹೇಳಲಾಗಲಿಲ್ಲ.

ಡಿಸೆಂಬರ್ ೮, ಮಂಗಳವಾರ

ಅನಘಾ ಫೋನ್ ಮಾಡಿದ್ದಳು. ಸರ್ಕಾರದ ಕಿಡ್ನಿ ಪಟ್ಟಿಗೆ ನನ್ನ ಹೆಸರು ಬರೆಸಲು ಒಂದು ಸಹಿ ಬೇಕಂತೆ, ಆರು ತಿಂಗಳಿಂದ ಕೇಳುತ್ತಿದ್ದಾಳೆ. ಭಾನುವಾರ ಕಾಗದ ತಾ ಎಂದೆ. ಬೇಗ ಫೋನ್ ಇಡಬೇಕಿತ್ತು, ಅರವತ್ತೆಂಟರಿಂದ ಎಪ್ಪತ್ತರವರೆಗಿನದನ್ನು ಮತ್ತೊಮ್ಮೆ ಓದಿ, ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಗುರುತು ಹಾಕಿಕೊಳ್ಳುವುದಿತ್ತು.

ಡಯಾಲಿಸಿಸ್ ದಿನಕ್ಕೆ ಶೇಕಡಾ ಮೂರರಂತೆ ಹೇಳಿದರೆ ಜನವರಿ ಮೊದಲ ವಾರದವರೆಗೆ ಬರುತ್ತದೆ.

ಡಿಸೆಂಬರ್ ೧೨, ಶನಿವಾರ

ಲೆಕ್ಕ ಉಳಿಯಲಿಲ್ಲ. ಶೇಕಡಾ ಎಂಬತ್ತೆರಡು. ಗೌಡನ ಮಗ ಸಾಯುವ ಮುಂಚೆ ಬಾಯಿ ಬಿಡುತ್ತಾನೋ ಇಲ್ಲವೋ ಎಂಬಲ್ಲಿ ನಿಲ್ಲಿಸಲು ಹೋದೆ. ಇಡೀ ವಾರ್ಡು ಬಿಡಲಿಲ್ಲ. ಆಚೆ ಗೋಡೆಯ ಪಕ್ಕದ ಅಂಜಿನಯ್ಯನವರು, ಲಗ್ಗೆರೆಯಲ್ಲಿ ಲೇತು ನಡೆಸುತ್ತಿದ್ದವರು, ಒಂದು ವರ್ಷದಿಂದ ಯಾರೊಡನೆಯೂ ಮಾತಾಡಿರದವರು, "ಏನ್ ಸಾರ್, ಸೀರಿಯಲ್ ಥರ ಮಾಡ್ತೀರಲ್ಲ" ಎಂದರು. ಹೇಳಿದೆ. ಬಾಯಿ ಬಿಟ್ಟ. ತಮ್ಮ ನಿರಪರಾಧಿ. ಅವನ ಬಿಡುಗಡೆಯ ಕಾಗದ ಹಡಗು ಹತ್ತಿತು.

ಡಿಸೆಂಬರ್ ೧೭, ಗುರುವಾರ

ಶೇಕಡಾ ಎಂಬತ್ತೆಂಟು.

ಎಷ್ಟಕ್ಕ ಬಂತ್ರಿ ಎಂದು ಹೊನ್ನವ್ವ ದಿನವೂ ಕೇಳುತ್ತಾರೆ. ದಿನವೂ ಇದ್ದದ್ದನ್ನು ಹೇಳಿದ್ದೇನೆ. ಅಂಕಿಯ ವಿಷಯದಲ್ಲಿ ಸುಳ್ಳು ಬರುವುದಿಲ್ಲ. ಬೆರಳು ಮಡಚಿ ಎಣಿಸಿದರು. ಇನ್ನು ಹನ್ನೆರಡು, ದಿನಕ್ಕೆ ಮೂರಾದರೆ ನಾಲ್ಕು ಸಲ. "ಬರೂ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಮಂಗಲ." ಮಗಳಿಗೆ ಕಾಯಿ, ಒಂದು ಟವೆಲು ತರಲು ಹೇಳುತ್ತಾರಂತೆ. ನಿಮಗ ಯಾವ ಬಣ್ಣ ಆಗಬಹುದು ಎಂದು ಕೇಳಿದರು.

ಬಿಳಿ ಎಂದೆ.

ಡಿಸೆಂಬರ್ ೧೮, ಶುಕ್ರವಾರ

ಬೆಳಿಗ್ಗೆ ಮನೆಯಲ್ಲಿ ಮುಂದಿನದನ್ನು ಓದಿಟ್ಟುಕೊಳ್ಳೋಣವೆಂದು ಕೂತೆ.

ಪ್ರವಾಹದ ಸಂಜೆ. ತಮ್ಮನ ಹಡಗು ಬಂದಿದೆ ಎಂದು ಯಾರೋ ಆಚೆ ದಡದಿಂದ ಕೂಗುತ್ತಾರೆ. ಅವಳು ಒಬ್ಬಳೇ ದೋಣಿ ಬಿಡುತ್ತಾಳೆ. ಮರುದಿನ ಬೆಳಿಗ್ಗೆ ಮಗುಚಿದ ದೋಣಿ ಮರಳಿನಲ್ಲಿ ಸಿಗುತ್ತದೆ. ಕೂಗಿದ್ದು ಯಾರೆಂದು ತಿಳಿಯಲೇ ಇಲ್ಲ. ನೀರು ಇಳಿಯಿತು ಎಂದು ಒಂದು ವಾಕ್ಯ.

ಗುಂಡಿ ಒತ್ತಿದೆ. ಮುಂದಿನ ಪುಟದಲ್ಲಿ ಸಂಪಾದಕರ ಟಿಪ್ಪಣಿಗಳು.

ಮತ್ತೆ ಒತ್ತಿದೆ. ಪಾಠಾಂತರಗಳು. ಅದೇ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ. ಪ್ರತಿ ಹಂಚುವವರು ಪಾಲಿಸಬೇಕಾದ ಷರತ್ತುಗಳು, ಒಂದರಿಂದ ಇಪ್ಪತ್ತೆರಡರವರೆಗೆ. ಕಥೆ ಮುಗಿದದ್ದು ತೊಂಬತ್ತೊಂದಕ್ಕೆ. ನಾನು ನೂರನ್ನು ಕಥೆಯ ಉದ್ದವೆಂದು ತಿಳಿದಿದ್ದೆ. ಮೂವತ್ತು ವರ್ಷ ಮಕ್ಕಳಿಗೆ, ಯಾವುದರ ಶೇಕಡಾ ಎಂದು ಮೊದಲು ನೋಡಿ ಎಂದು ಹೇಳಿದವನು.

ಅದರ ಮೇಲೆ ಇನ್ನೂ ಒಂಬತ್ತು ಇದೆ, ಮೂರು ದಿನಕ್ಕಾಗುವಷ್ಟು ಇದೆ ಎಂದು ಆಕೆಗೆ ಮಾತು ಕೊಟ್ಟಂತಾಗಿದೆ. ಅಲ್ಲಿ ಇರುವುದು ಷರತ್ತುಗಳು.

ಇಡೀ ದಿನ ಕುರ್ಚಿಯಿಂದ ಏಳಲಿಲ್ಲ. ನಾಳೆ ಹೋಗಿ ಏನು ಹೇಳಲಿ. ನಾಳೆಯೇ ಮಂಗಲ ಎಂದರೆ ನಾಳೆಯೇ ತಂಬಿಗೆ. ಹೋಗದೆ ಇದ್ದುಬಿಟ್ಟರೆ? ಹೇಳುವವನೇ ಇಲ್ಲದಿದ್ದರೆ ಆಕೆ ಯಾವುದಕ್ಕೆ ಬರಬೇಕು?

ಹೋಗದೆ ಇರಲಾಗುವುದಿಲ್ಲ.

ಡಿಸೆಂಬರ್ ೧೯, ಶನಿವಾರ

ದೋಣಿಯನ್ನು ಬಿಡಿಸಿ, ಅವಳನ್ನು ನದಿಯ ನಡುವೆ ನಿಲ್ಲಿಸಿ ಬಂದೆ.

ಹೊನ್ನವ್ವ ಪೂರ್ತಿ ನಾಲ್ಕು ಗಂಟೆ ಕಣ್ಣು ಮಿಟುಕಿಸಲಿಲ್ಲ. ಎಷ್ಟಕ್ಕೆ ಬಂತು ಎಂದರು. ತೊಂಬತ್ತೊಂದು ಎಂದೆ. ನಿಜ.

ಡಿಸೆಂಬರ್ ೨೨, ಮಂಗಳವಾರ

ಜೀವನದಲ್ಲಿ ಒಂದು ಕಥೆ ಕಟ್ಟಿದವನಲ್ಲ. ಕಟ್ಟುವವರ ಬಗ್ಗೆ ಸಣ್ಣ ತಿರಸ್ಕಾರವೂ ಇತ್ತು.

ಇವತ್ತು ದೋಣಿ ಮಗುಚಿತು. ಗಂಗವ್ವ ಮಗುಚಿದ ದೋಣಿಯ ಬೆನ್ನಿಗೆ ಜೋತುಬಿದ್ದಳು. ನೀರು ಬಾಯಿಗೆ ಬಂತು, ಅವಳು ಕುಡಿಯಲಿಲ್ಲ. ದೋಣಿ ಕೈಬಿಟ್ಟಿತು. ಒಂದು ಮರದ ಬೇರು ಸಿಕ್ಕಿತು. ಇಷ್ಟಕ್ಕೆ ಎರಡು ಗಂಟೆ. ಹೇಳುತ್ತ ಹೇಳುತ್ತ ಗುಂಡಿ ಒತ್ತುತ್ತಿದ್ದೆ. ಪರದೆಯಲ್ಲಿ ಟಿಪ್ಪಣಿಗಳು ಸರಿಯುತ್ತಿದ್ದವು, ಅಂಕಿ ತೊಂಬತ್ನಾಲ್ಕಾಯಿತು. ಪುಟ್ಟಲಕ್ಷ್ಮಿಯವರನ್ನು ಕರೆದು ಬಿಪಿ ನೋಡಿಸಿಕೊಂಡೆ. ಸರಿಯಾಗಿಯೇ ಇತ್ತು.

ಡಿಸೆಂಬರ್ ೨೪, ಗುರುವಾರ

ಆಚೆ ದಡದಲ್ಲಿ ಒಬ್ಬ ಮುದುಕಿಯ ಗುಡಿಸಲು ಸಿಕ್ಕಿದೆ. ಗಂಗವ್ವನನ್ನು ಬೆಂಕಿಯ ಹತ್ತಿರ ಕೂರಿಸಿ ಬಿಸಿ ಬಿಸಿ ಮುದ್ದೆ ತಿನ್ನಿಸಿದಳು ಎಂದುಬಿಟ್ಟೆ. ಬಾಯಿಗೆ ಅದೇ ಬಂತು.

"ಇಷ್ಟು ದಿನಾ ಬರೇ ಬ್ರೆಡ್ಡು, ಬೆಣ್ಣಿ ತಿಂತಿದ್ರು" ಎಂದರು ಹೊನ್ನವ್ವ. "ಆ ಕಡಿ ದಂಡ್ಯಾಗ ಮುದ್ದಿ ಸಿಗತೈತೇನ್ರಿ?"

ಆ ಕಡೆ ಬೇರೆ ಸೀಮೆ ಎಂದೆ. ಇರಬಹುದು ಇರಬಹುದು ಎಂದರು. ಜೋಳದ ರೊಟ್ಟಿಯಾದರೂ ಮಾಡಿಸಬಹುದಿತ್ತಲ್ಲ ಎಂದೂ ಸೇರಿಸಿದರು. ಅಂಜಿನಯ್ಯ, ಮುದ್ದೆಗೇನಮ್ಮ ಕಡಿಮೆ, ಎಂದರು. ಜಗಳ ಸ್ವಲ್ಪ ಹೊತ್ತು ನಡೆಯಿತು.

ಶೇಕಡಾ ತೊಂಬತ್ತೇಳು. ಷರತ್ತು ಹನ್ನೊಂದು.

ಡಿಸೆಂಬರ್ ೨೬, ಶನಿವಾರ

ಹೊನ್ನವ್ವನ ಮಂಚದ ಕೆಳಗೆ ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರಲ್ಲಿ ಕಾಯಿ, ಊದುಬತ್ತಿ, ಮಡಿಚಿದ ಬಿಳಿ ಟವೆಲು. ಕಲಾವತಿ ಇಟ್ಟು, ಏನೂ ತಿಳಿಯದೆ, ಇವತ್ತು ನಿಮ್ಮ ಪುರಾಣ ಮುಗೀತದಂತಲ್ಲರಿ ಸರ ಎಂದು ನಕ್ಕು ಹೋದಳು. ಪುಟ್ಟಲಕ್ಷ್ಮಿ ಬುಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬುಟ್ಟಿಯನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ.

ಏನು ಹೇಳಬೇಕೆಂದು ನಿರ್ಧರಿಸಿಕೊಂಡು ಹೋಗಿದ್ದೆ. ತಮ್ಮ ಸಿಗುತ್ತಾನೆ, ಆದರೆ ಗುರುತು ಹಿಡಿಯುವುದಿಲ್ಲ, ಅಲ್ಲಿಂದ ಇನ್ನೊಂದು ಎಳೆ. ಅಂಕಿ ನೂರಾದರೆ ಎರಡನೆಯ ಭಾಗವಿದೆ ಎನ್ನುವುದು. ಬರೆದುಕೊಂಡೂ ಇದ್ದೆ. ಅಲ್ಲಿ ಬಾಯಿ ತೆರೆದ ಮೇಲೆ ಅದು ಯಾವುದೂ ಬರಲಿಲ್ಲ. ಮುದುಕಿಯ ಗುಡಿಸಲಿನಲ್ಲಿ ಗಂಗವ್ವ ಜ್ವರದಿಂದ ಮಲಗಿದ್ದಳು. ಬಾಯಾರಿಕೆ. ಆಚೆಗೆ ಇಡೀ ನದಿ ಹರಿಯುತ್ತಿದೆ, ಮುದುಕಿ ಒಂದು ಗುಟುಕಿಗಿಂತ ಹೆಚ್ಚು ಕೊಡುತ್ತಿಲ್ಲ. ಗಂಗವ್ವ ಬೈಯುತ್ತಾಳೆ, ಬೇಡುತ್ತಾಳೆ, ಇನ್ನು ಕಾದು ಏನಾಗಬೇಕಿದೆ, ಕುಡಿದು ಸಾಯುತ್ತೇನೆ ಬಿಡು ಎನ್ನುತ್ತಾಳೆ. ಮುದುಕಿ ಉಪದೇಶ ಮಾಡುವವಳಲ್ಲ. ಬೆಳಿಗ್ಗೆ ಕುಡಿ, ಈಗ ಪಕ್ಕಕ್ಕೆ ಸರಿ, ನನಗೂ ಚಳಿ ಎನ್ನುತ್ತಾಳೆ. ಒಂದೇ ಕಂಬಳಿ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಕಿಟಕಿಯ ಬಿಸಿಲು ಮಂಚದಿಂದ ಇಳಿದು ಹೋಗಿತ್ತು. ಮೆಟ್ರೋದವರು ಊಟಕ್ಕೆ ಬಿಟ್ಟಿದ್ದರು. ಅಂಜಿನಯ್ಯನವರು ಮುಖದ ಮೇಲೆ ಟವೆಲು ಹಾಕಿಕೊಂಡಿದ್ದರು.

ನಿಲ್ಲಿಸಿದೆ. ಮುಂದಿನದು ನನ್ನಲ್ಲಿ ಇರಲಿಲ್ಲ.

ಹೊನ್ನವ್ವ ನನ್ನ ಬಲಗೈಯ ಕಡೆ ನೋಡುತ್ತಿದ್ದರು. ನಾನೂ ನೋಡಿದೆ. ಗುಂಡಿ ಒತ್ತುವುದನ್ನು ಯಾವಾಗ ಮರೆತೆನೋ. ಪರದೆಯ ಮೇಲೆ ಗಡ್ಡದ ಮುದುಕ ಕೂತಿದ್ದ.

"ಅಜ್ಜ ಬಂದು ಬಾಳ ಹೊತ್ತಾತ್ರಿ" ಎಂದರು. "ಮಂಗಳವಾರದ ದಿನಾನೂ ಅಂವಾ ಒಂದೆರಡು ಸಲ ಬಂದು ಹೋದ. ಓದಲಾರ್ದ ಹೇಳಾಕ ಹತ್ತೀರಿ, ನಡುವ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ."

ನಾನು ಏನೋ ಹೇಳಲು ಹೋದೆ. ಪುಸ್ತಕ ತೊಂಬತ್ತೊಂದಕ್ಕೇ ಮುಗಿಯಿತು, ಕೂಗಿದ್ದು ಯಾರೆಂದು ಅದರಲ್ಲಿಲ್ಲ, ಅವಳು ಬದುಕಿದಳೆಂದೂ ಇಲ್ಲ ಎಂದೆ. ಹೊನ್ನವ್ವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬೆಳಿಗ್ಗೆ ನೀರು ಕೊಟ್ಟಳೋ ಇಲ್ಲೋ, ಆ ಮುದುಕಿ?"

ಇನ್ನೂ ಬೆಳಗಾಗಿಲ್ಲ ಎಂದೆ.

ಮೂರಕ್ಕೆ ಕಲಾವತಿ ಬಂದು, ಊದುಬತ್ತಿ ಹಚ್ಚಲೇ ಎಂದು ಬುಟ್ಟಿಗೆ ಕೈ ಹಾಕಿದಳು. ತಾಯಿ ತಡೆದರು. ಮಂಗಲ ಆಗಿಲ್ಲ, ಕಾಯಿ ಮನಿಗೆ ಒಯ್ಯಿ, ಚಟ್ನಿ ಮಾಡು, ನನಗ ಬ್ಯಾಡ, ಡಾಕ್ಟರ್ ಬೈತಾರ ಎಂದರು. ಟವೆಲನ್ನು ಮಾತ್ರ ತಿರುಗಿ ಮಡಿಚಿ ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡು, ಎದ್ದು ಹೋಗುವಾಗ ಕೈಯಲ್ಲಿ ಹಿಡಿದುಕೊಂಡರು. ಬಾಗಿಲಲ್ಲಿ ತಿರುಗಿ ನಿಂತರು.

"ಮಂಗಳವಾರ ತಪ್ಪಸಬ್ಯಾಡ್ರಿ ಸರ. ಪುರಾಣ ನಡುವ ಬಿಟ್ರ ಪಾಪ ಹೇಳಾವಗ ಹತ್ತತೈತಿ, ಕೇಳಾವ್ರಿಗಲ್ಲ."

ಮನೆಗೆ ಬಂದು ಒಂದು ಮಂಜುಗಡ್ಡೆ. ನಾಳೆ ಅನಘಾ ಬರುತ್ತಾಳೆ. ಆ ಯಂತ್ರದಲ್ಲಿ ಇನ್ನೂ ಎಷ್ಟು ಹಳೆಯ ಕಾದಂಬರಿಗಳಿವೆ ಎಂದು ಕೇಳಬೇಕು. ಅದು ಆಮೇಲಾದರೂ ಆಗುತ್ತದೆ. ಗಂಗವ್ವ ಆಚೆ ದಡದಲ್ಲಿದ್ದಾಳೆ. ಅವಳ ದೋಣಿ ಹೋಯಿತು. ಮಂಗಳವಾರದೊಳಗೆ ಅವಳಿಗೊಂದು ದೋಣಿ ಹುಡುಕಬೇಕು.